ಕುಬುಸದ ಗಿಳಿಗೆ ಬಾಲ

ಸಿಂಧನೂರಿನಲ್ಲಿ ನನ್ನದೊಂದು ಎಂಬ್ರಾಯ್ಡರಿ ಅಂಗಡಿ ಇದೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ. ಬಾಗಿಲ ಪಕ್ಕ ಒಂದು ಹಳೆಯ ಎಂಬ್ರಾಯ್ಡರಿ ಮಷಿನ್ನು, ಅದರ ಎದುರಿಗೆ ಅದಕ್ಕಿಂತ ಹಳೆಯ ಕಂಪ್ಯೂಟರು, ಗೋಡೆಯ ತುಂಬ ದಾರದ ಉಂಡೆಗಳು. ಕಂಪ್ಯೂಟರಿನಲ್ಲಿ ಹೂವು, ಬಳ್ಳಿ, ನವಿಲು ಏನು ಬೇಕೋ ಅದನ್ನು ಬಿಡಿಸಿ, ಪೆನ್‌ಡ್ರೈವಿಗೆ ಹಾಕಿ ಮಷಿನ್ನಿಗೆ ಕೊಟ್ಟರೆ, ಅದು ರವಿಕೆಯ ಬೆನ್ನಿಗೆ ಟಕಟಕನೆ ಹೊಲಿದುಕೊಡುತ್ತದೆ. ಮದುವೆ ಹಂಗಾಮಿನಲ್ಲಿ ಸಾಲಗುಂದ, ಬಳಗಾನೂರಿನ ಕಡೆಯಿಂದೆಲ್ಲ ನನಗೆ ರವಿಕೆ ಬಟ್ಟೆಗಳು ಬರುತ್ತವೆ.

ಬಿಡಿಸುವ ಸಾಫ್ಟ್‌ವೇರ್ ನಾನು ಕೆಲಸ ಕಲಿತ ಕಾಲದ್ದು. ಅದಕ್ಕೊಂದು ಡಾಂಗಲ್ ಇದೆ, ಹೆಬ್ಬೆರಳುದ್ದದ ಕಡ್ಡಿ. ಕಂಪ್ಯೂಟರಿನ ಹಿಂದೆ ಆ ಕಡ್ಡಿ ಚುಚ್ಚಿದ್ದರೆ ಸಾಫ್ಟ್‌ವೇರ್ ತೆರೆಯುತ್ತದೆ, ಇಲ್ಲದಿದ್ದರೆ ಇಲ್ಲ. ಮಾರಿದ ಏಜೆಂಟ್ ಅಂದೇ ಎಚ್ಚರಿಸಿ ಹೋಗಿದ್ದ: “ಅಕ್ಕಾರ, ಇದಕ್ಕ ನೆಟ್ ಮಾತ್ರ ಹಚ್ಚಬ್ಯಾಡ್ರಿ. ಸಿಸ್ಟಂ ಅಪ್‌ಡೇಟ್ ಆತಂದ್ರ ಈ ಸಾಫ್ಟ್‌ವೇರ್ ಕೈ ಕೊಡತೈತಿ.” ನಾನು ಅದನ್ನೊಂದು ವ್ರತದಂತೆ ಪಾಲಿಸಿಕೊಂಡು ಬಂದೆ. ಮನೆಗೆ ವೈಫೈ ಬಂದು, ನಮ್ಮತ್ತೆ ಕೂಡ ಫೋನಿನಲ್ಲಿ ಪುರಾಣ ಪ್ರವಚನ ಕೇಳತೊಡಗಿದ ಮೇಲೂ ಆ ಕಂಪ್ಯೂಟರಿಗೆ ನೆಟ್ಟಿನ ಗಾಳಿ ಸೋಕಲು ಬಿಟ್ಟಿರಲಿಲ್ಲ.

ಆ ವ್ರತ ಹೇಗೆ ಕೆಟ್ಟಿತು ಎಂದು ಹೇಳುವ ಮೊದಲು ಗಿಳಿಯ ವಿಷಯ ಹೇಳಬೇಕು.

ನಮ್ಮ ಕಡೆ ಬಸುರಿಗೆ ಕುಬುಸ ಮಾಡುತ್ತಾರೆ. ಕುಬುಸ ಎಂದರೆ ರವಿಕೆ. ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ರವಿಕೆ ತಂದು ಮಗಳಿಗೆ ಉಡಿಸಿ, ತೊಡಿಸಿ, ಉಡಿ ತುಂಬಿ, ಹೊತ್ತು ತಂದ ಬುತ್ತಿ ಬಿಚ್ಚಿ ಎಲ್ಲರಿಗೂ ಬಡಿಸುತ್ತಾರೆ. ಏನೇನೋ ತಂದಿದ್ದರೂ ಆ ಕಾರ್ಯಕ್ಕೆ ಹೆಸರು ಮಾತ್ರ ರವಿಕೆಯದೇ. ನನ್ನ ತವರು ಮಸ್ಕಿ. ಹದಿಮೂರು ವರ್ಷದ ಹಿಂದೆ ನನ್ನ ಕುಬುಸಕ್ಕೆಂದು ಅವ್ವ ತನ್ನ ಕೈಯಾರೆ ರವಿಕೆಯ ಬೆನ್ನಿಗೆ ಒಂದು ಗಿಳಿ ಹಾಕಿದ್ದಳು. ಕೆಂಪು ಕೊಕ್ಕು, ಕುತ್ತಿಗೆಗೆ ಹಳದಿ ಪಟ್ಟಿ, ರೆಕ್ಕೆಗೆ ನಾಲ್ಕು ಬಗೆಯ ಹಸಿರು ದಾರ. ಉದ್ದನೆಯ ಬಾಲವೂ ಇತ್ತಂತೆ. ನಾನದನ್ನು ನೋಡಲೇ ಇಲ್ಲ. ತವರಿನವರು ಸಿಂಧನೂರಿಗೆ ಬಂದು ಗಂಟು ಬಿಚ್ಚಿದಾಗ ಬಾಲ ಇರಬೇಕಾದ ಜಾಗದಲ್ಲಿ ಕಂದು ಅಂಚಿನ ತೂತಿತ್ತು. ಇದ್ದಲಿ ಇಸ್ತ್ರಿಯ ಮೂತಿ ಸರಿಯಾಗಿ ಅಲ್ಲೇ ಕೂತಿತ್ತು.

ಸುಟ್ಟವಳು ನನ್ನ ತಂಗಿ. ಆಗ ಅವಳಿಗೆ ಒಂಬತ್ತು ವರ್ಷ. “ಅಕ್ಕನ ಕುಬುಸ ಚಂದ ಕಾಣಲಿ ಅಂತ ಇಸ್ತ್ರಿ ಮಾಡಾಕ ಹೋಗಿದ್ನಿ” ಎಂದು ಬಿಕ್ಕುತ್ತ ಅವ್ವನ ಹಿಂದೆ ನಿಂತಿದ್ದಳು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ, ಮೇಲೆ ಬಸುರಿ. ಆ ದಿನ ನಾನು ಅವಳನ್ನು ಬೈದದ್ದು ಅಂಗಳದಲ್ಲಿ ಊಟಕ್ಕೆ ಕೂತವರಿಗೂ ಕೇಳಿಸಿತಂತೆ. ತೂತಿನ ಮೇಲೆ ಸೆರಗು ಎಳೆದುಕೊಂಡು ಮುಖ ಊದಿಸಿಕೊಂಡೇ ಉಡಿ ತುಂಬಿಸಿಕೊಂಡೆ.

ಆಮೇಲೆ ಕೋಪ ಹೋಯಿತು, ಕಾಡಿಸುವುದು ಉಳಿಯಿತು. ಅವಳು ಹತ್ತನೆಯ ತರಗತಿ ಪಾಸಾದಾಗ, ಅವಳನ್ನು ನೋಡಲು ವರನ ಕಡೆಯವರು ಬಂದಾಗ, ಲಿಂಗಸುಗೂರಿನ ಮನೆಗೆ ಅವಳನ್ನು ಒಪ್ಪಿಸಿ ಬರುವಾಗ, ಎಲ್ಲ ಕಡೆ ನಾನು ಹೇಳುತ್ತಿದ್ದ ಮಾತು ಒಂದೇ: “ಏನ್ ಬೇಕಾದ ಕೆಲಸ ಹೇಳ್ರಿ, ಈಕಿ ಕೈಯಾಗ ಇಸ್ತ್ರಿ ಮಾತ್ರ ಕೊಡಬ್ಯಾಡ್ರಿ.” ಅವಳು ಒಂದು ಸಲವೂ ಎದುರಾಡಲಿಲ್ಲ. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಅಷ್ಟೇ.

ಈಗ ಅವಳು ಏಳು ತಿಂಗಳ ಬಸುರಿ. ಕುಬುಸ ಗೊತ್ತಾದ ದಿನವೇ ಫೋನ್ ಮಾಡಿದಳು.

“ಯಕ್ಕಾ, ನನಗ ಬ್ಯಾರೆ ಯಾವ ಡಿಸೈನೂ ಬ್ಯಾಡ. ಅವ್ವ ನಿನಗ ಹಾಕಿದ್ಲಲ್ಲ, ಆ ಗಿಳಿನಽ ಬೇಕು. ಅವ್ವನ ಕಡಿಂದ ಈಗ ಆಗಂಗಿಲ್ಲ. ನೀ ಹಾಕಿಕೊಡು.”

“ಹಾಕಿಕೊಡತೀನಿ ತಗೋ. ಬಾಲಾ ಸಮೇತ ಹಾಕತೀನಿ. ನಿಮ್ಮ ಮನ್ಯಾಗ ಇಸ್ತ್ರಿ ಎಲ್ಲೈತಿ, ಅದನ್ನ ಮೊದಲ ಬಚ್ಚಿಡು” ಎಂದೆ. ಆಚೆಯಿಂದ ಅದೇ ನಗು.

ಅವ್ವನ ಕಣ್ಣಿಗೆ ಆಪರೇಷನ್ ಆಗಿದೆ, ಕೈ ಸಣ್ಣಗೆ ನಡುಗುತ್ತದೆ. ಹಾಗಾಗಿ ಗಿಳಿಯನ್ನು ಕಂಪ್ಯೂಟರಿನಲ್ಲಿ ಕೂರಿಸುವ ಜವಾಬ್ದಾರಿ ನನ್ನದಾಯಿತು. ಟ್ರಂಕಿನ ತಳದಿಂದ ಸುಟ್ಟ ಕುಬುಸ ತೆಗೆದು, ಅವ್ವನ ಒಂದೊಂದು ಹೊಲಿಗೆಯನ್ನೂ ನೋಡಿ ನೋಡಿ ಎಂಟು ದಿನ ಕೂತು ಬಿಡಿಸಿದೆ. ಕೊಕ್ಕು, ಕುತ್ತಿಗೆ, ರೆಕ್ಕೆ ಎಲ್ಲ ಬಂತು. ಬಾಲ ಮಾತ್ರ ಬರಲಿಲ್ಲ. ನಾನು ನೋಡದ ಬಾಲ, ಅವ್ವನೇ ಹೇಳಬೇಕು. ಒಂದು ಬಾಲ ಬಿಡಿಸಿ ಫೋಟೋ ಕಳಿಸಿದರೆ “ಇದು ಕೋಳಿ ಬಾಲ” ಎಂದಳು. ಇನ್ನೊಂದಕ್ಕೆ “ಇದೇನು ಕಸಬರಗಿ?” ಎಂದಳು. ಮೂರನೆಯದು ನನಗೇ ಬಹಳ ಹಿಡಿಸಿತ್ತು. ಅದಕ್ಕೂ “ಊಂ ಹೂಂ, ಇದಲ್ಲ” ಎಂದಳು. ಬಾಲ ಕೂಡದೆ ಮಷಿನ್ನಿಗೆ ಕೊಡುವುದೇನು ಬಂತು? ಅರ್ಧ ಗಿಳಿ ಆ ಹಳೆಯ ಸಾಫ್ಟ್‌ವೇರಿನೊಳಗೇ ಕೂತಿತ್ತು. ಅಷ್ಟರಲ್ಲಿ ಅಮಾವಾಸ್ಯೆ ಬಂತು. ಕುಬುಸ ಇದ್ದದ್ದು ಅಮಾವಾಸ್ಯೆ ಕಳೆದು ಐದನೆಯ ದಿನ.

ಪ್ರತಿ ಅಮಾವಾಸ್ಯೆಗೆ ನಮ್ಮಲ್ಲಿ ಮಷಿನ್ನಿನ ಪೂಜೆ. ಅಂದು ಹೊಲಿಗೆ ಇಲ್ಲ. ಅತ್ತೆಯೇ ಮುಂದೆ ನಿಂತು ಮಷಿನ್ನಿಗೂ ಕಂಪ್ಯೂಟರಿಗೂ ಮೂರು ಬೆರಳಿನ ವಿಭೂತಿ ಬಳಿದು, ಹೂ ಏರಿಸಿ, ಕಾಯಿ ಒಡೆಯುತ್ತಾರೆ. ಅವರದೊಂದು ಕಟ್ಟಳೆ ಇದೆ: ಪೂಜೆ ಮಾಡುವಾಗ ಯಂತ್ರ ಜೀವಂತ ಇರಬೇಕು, ಪೂಜೆಯಾದ ಮೇಲೆ ಹೊತ್ತು ಮುಳುಗುವವರೆಗೆ ಅದನ್ನು ಆರಿಸಬಾರದು, ಮುಟ್ಟಲೂಬಾರದು. ಇಷ್ಟು ವರ್ಷ ಇದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ಆ ಸಲ ಅತ್ತೆಗೆ ಪೂಜೆಯ ಹೊತ್ತಿಗೆ ಮಂಗಳಾರತಿ ಪದ ಬೇಕೆನಿಸಿತು. ಅವರ ಫೋನಿನಲ್ಲಿ ಚಾರ್ಜ್ ಇಲ್ಲ, ನನ್ನದು ಗಂಡನ ಕೈಯಲ್ಲಿ.

“ಇಷ್ಟು ದೊಡ್ಡ ಟೀವಿಯಂಥಾದ್ದು ಮುಂದಽ ಐತಿ, ಇದರಾಗ ಹಚ್ಚಾಕ ಬರಂಗಿಲ್ಲೇನಬೇ?” ಎಂದರು.

ಒಲೆಯ ಮೇಲೆ ಕಡುಬು ಇತ್ತು. ಕೈಗೆ ಹಿಟ್ಟು ಮೆತ್ತಿತ್ತು. ಎರಡು ನಿಮಿಷದ ಪದಕ್ಕೆ ಏನಾದೀತು ಎಂದುಕೊಂಡು ಕಿರುಬೆರಳಿನಿಂದ ವೈಫೈ ಪಾಸ್‌ವರ್ಡ್ ಒತ್ತಿದೆ. ಪದ ಚೆನ್ನಾಗಿಯೇ ಬಂತು. ಆರತಿಯಾಯಿತು. ನಾನು ಕಡುಬಿನ ಕಡೆ ಓಡಿದೆ, ವೈಫೈ ತೆಗೆಯುವುದು ಮರೆತೇಹೋಯಿತು.

ಮಧ್ಯಾಹ್ನ ಅತ್ತೆ ಕೂಗಿದರು: “ಏನೋ ನೀಲಿ ಆಗಿ, ಇಂಗ್ಲೀಷಿನ್ಯಾಗ ಏನೋ ಬರದೈತಿ, ಬಂದು ನೋಡಬೇ.”

ನೋಡಿದೆ. “ಕಂಪ್ಯೂಟರ್ ಆರಿಸಬ್ಯಾಡ್ರಿ ಅಂತ ಬರದೈತ್ರಿ ಅತ್ತಿ” ಎಂದು ಓದಿ ಹೇಳಿದೆ.

ಅತ್ತೆಯ ಮುಖ ಅರಳಿತು. “ನೋಡು! ನಾ ಹೇಳೂದು ಅದಕ್ಕೂ ಗೊತ್ತೈತಿ. ನಿಮಗಽ ಗೊತ್ತಿಲ್ಲ.”

ಇಬ್ಬರೂ ಮನಸಾರೆ ನಕ್ಕೆವು. ಎಷ್ಟು ನಕ್ಕೆವೆಂದರೆ, ಏಜೆಂಟನ ಮಾತು ನೆನಪಿಗೆ ಬರಲು ನನ್ನ ತಲೆಯಲ್ಲಿ ಜಾಗವೇ ಇರಲಿಲ್ಲ.

ಮರುದಿನ ಮುಂಜಾನೆ ಅಂಗಡಿಯ ಬಾಗಿಲು ತೆರೆದು ಕಂಪ್ಯೂಟರ್ ಮುಂದೆ ಕೂತರೆ, ಅದು ನನಗೆ ಗುರುತೇ ಸಿಗಲಿಲ್ಲ. ಹೊಸ ಬಣ್ಣ, ಹೊಸ ಚಿತ್ರ, ಹೊಸ ಅಕ್ಷರ. ಸಾಫ್ಟ್‌ವೇರ್ ಒತ್ತಿದೆ. ಪರದೆಯ ಮೇಲೆ ಒಂದು ಡಬ್ಬಿ ಮೂಡಿ, ನಿಮ್ಮ ಡಾಂಗಲ್ ಕಾಣುತ್ತಿಲ್ಲ ಎಂದಿತು. ಕಡ್ಡಿ ಹಿಂದೆಯೇ ಇತ್ತು, ಅತ್ತೆ ಹಚ್ಚಿದ ಕುಂಕುಮ ಕೂಡ ಇತ್ತು. ತೆಗೆದು ಒರೆಸಿ ಚುಚ್ಚಿದೆ, ಊದಿ ಚುಚ್ಚಿದೆ, ಬೇರೆ ತೂತಿಗೆ ಚುಚ್ಚಿದೆ. ಅಷ್ಟರಲ್ಲಿ ಮೂಲೆಯಲ್ಲಿ ಇನ್ನೊಂದು ಡಬ್ಬಿ: ಜಾಗ ಕಡಿಮೆಯಿದೆ, ಹಳೆಯ ಸಿಸ್ಟಂ ಅಳಿಸಲೇ? ಹಳೆಯದು ಎಂದರೆ ಕಸ ಎಂದುಕೊಂಡು ಹೂಂ ಎಂದು ಒತ್ತಿದೆ.

ಕಂಪ್ಯೂಟರ್ ರಿಪೇರಿಯವನು ಬಂದು ಎಲ್ಲ ನೋಡಿ ಹಣೆ ಹಿಡಿದುಕೊಂಡ.

“ಅಕ್ಕಾರ, ಹಿಂದಿನ ಸಿಸ್ಟಂಗೆ ವಾಪಸ್ ಹೋಗಾಕ ಒಂದು ದಾರಿ ಇತ್ತು. ಅದನ್ನೂ ನೀವು ಅಳಿಸೀರಿ.”

“ಅದು ಕೇಳ್ತು, ನಾ ಹೂಂ ಅಂದ್ನಿ.”

“ಕೇಳಿದ್ದಕ್ಕೆಲ್ಲ ಹೂಂ ಅಂದ್ರ ಹೆಂಗ್ರೀ?”

ನಾನು ಯಾವುದಕ್ಕೂ ಹೂಂ ಅನ್ನುವುದಿಲ್ಲ ಎಂಬುದು ನನ್ನ ಗಂಡನ ಇಪ್ಪತ್ತನಾಲ್ಕು ತಾಸಿನ ದೂರು. ಅವರು ಬಾಗಿಲಲ್ಲಿ ನಿಂತು ಈ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ದಾರದ ಉಂಡೆ ಎಸೆದೆ. ಏಜೆಂಟನಿಗೆ ಫೋನ್ ಮಾಡಿದರೆ, ಆ ವರ್ಷನ್ನು ಕಂಪನಿ ಕೈಬಿಟ್ಟು ಎಷ್ಟೋ ಕಾಲವಾಯಿತು, ಹೊಸದು ತಂದರೂ ಅಷ್ಟು ಹಳೆಯ ಫೈಲು ತೆರೆಯುತ್ತದೆಂದು ಹೇಳಲಾರೆ ಎಂದ. ಮೊದಲೇ ಮಷಿನ್ನಿಗೆ ಕೊಟ್ಟಿದ್ದ ಹೂವು ಬಳ್ಳಿಗಳೆಲ್ಲ ಕ್ಷೇಮವಾಗಿದ್ದವು. ಒಳಗೆ ಸಿಕ್ಕಿಬಿದ್ದದ್ದು ಗಿಳಿ ಒಂದೇ. ನಾಲ್ಕು ದಿನದಲ್ಲಿ ತಂಗಿಯ ಕುಬುಸ. ಅವಳು ನನ್ನ ಹತ್ತಿರ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅದೇ ಮೊದಲು, ಅದನ್ನೂ ಕಳೆದೆನಲ್ಲ ಎಂದು ಅಳು ಬಂತು. ಅತ್ತೆಯೂ ಸಪ್ಪಗಾದರು. “ನನ್ನ ಪದಕ್ಕ ಬೆಂಕಿ ಹತ್ತಲಿ” ಎಂದು ತಮ್ಮನ್ನೇ ಬೈದುಕೊಂಡರು.

ಕೊನೆಗೆ ಆ ಏಜೆಂಟನೇ ಒಂದು ದಾರಿ ಹೇಳಿದ. ಹಿಂದೆ ಬಂಗಾಲಿ ನಿರಾಶ್ರಿತರು ಬಂದು ನೆಲೆಸಿದ ಆರ್.ಎಚ್. ಕ್ಯಾಂಪಿನಲ್ಲಿ ಒಬ್ಬ ಬಂಗಾಲಿ ಹೆಂಗಸು ಇದ್ದಾರೆ, ನಾನು ಕೊಂಡ ಕಾಲಕ್ಕೇ ಇದೇ ಸಾಫ್ಟ್‌ವೇರ್ ಕೊಂಡವರು, ಅವರದು ಇನ್ನೂ ನಡೆಯುತ್ತಿದೆ ಎಂದ. ಫೈಲನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಸುಟ್ಟ ಕುಬುಸವನ್ನೂ ಚೀಲಕ್ಕೆ ತುರುಕಿಕೊಂಡು ಮರುದಿನ ಮುಂಜಾನೆಯೇ ಆಟೋ ಹತ್ತಿದೆ. ಎರಡೂ ಕಡೆ ಗದ್ದೆಗೆ ನೀರು ಬಿಟ್ಟಿದ್ದರು, ನಾಟಿ ನಡೆದಿತ್ತು. ಬೇರೆ ದಿನವಾಗಿದ್ದರೆ ನೋಡುತ್ತ ಕೂರುತ್ತಿದ್ದೆ.

ಆ ಮನೆಯ ಹಿಂದೆ ಸಣ್ಣ ಹೊಂಡ, ಮುಂದೆ ತುಳಸಿ. ಹೆಂಗಸು ನನಗಿಂತ ಹತ್ತು ವರ್ಷ ದೊಡ್ಡವರು. ದೀದಿ ಎಂದೆ. ಕನ್ನಡ ನಮ್ಮದೇ ಕನ್ನಡ, ನಡುನಡುವೆ ಮಾತ್ರ ಬಂಗಾಲಿ ಎಳೆತ. ಅವರ ಕಂಪ್ಯೂಟರಿನ ಮೇಲೆ ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ, ನಮ್ಮ ಕೌದಿಯಂಥ ಹೊದಿಕೆ ಇತ್ತು. ನನ್ನ ಕೈಯಲ್ಲಿ ಪೆನ್‌ಡ್ರೈವ್ ಕಂಡದ್ದೇ ಅವರು ಕಂಪ್ಯೂಟರಿಗೆ ಅಡ್ಡ ನಿಂತರು.

“ಬ್ಯಾಡ ಬ್ಯಾಡ. ಹೊರಗಿನ ಪೆನ್‌ಡ್ರೈವ್ ನಾ ಹಾಕಂಗಿಲ್ಲ. ನೆಟ್ ಇಲ್ಲ, ಪೆನ್‌ಡ್ರೈವ್ ಇಲ್ಲ, ಅದಕ್ಕಽ ಇದು ಇನ್ನಾ ಬದುಕೈತಿ.”

ನಾನು ಅಮಾವಾಸ್ಯೆಯ ಕಥೆಯೆಲ್ಲ ಹೇಳಿದೆ. ಆರಿಸಬೇಡಿ ಎಂದು ಬರೆದದ್ದಕ್ಕೆ ಅತ್ತೆ ಖುಷಿಪಟ್ಟಿದ್ದು ಹೇಳುವಾಗ ಅವರು ನಕ್ಕು ನಕ್ಕು ಗೋಡೆಗೆ ಒರಗಿದರು. ಆದರೂ ಪೆನ್‌ಡ್ರೈವ್ ಮುಟ್ಟಲಿಲ್ಲ. ಆಗ ಚೀಲದಿಂದ ಕುಬುಸ ತೆಗೆದು ಅವರ ತೊಡೆಯ ಮೇಲೆ ಹರಡಿದೆ. ದೀದಿಯ ನಗು ನಿಂತಿತು. ಕನ್ನಡಕ ಹಾಕಿಕೊಂಡು, ಬಟ್ಟೆ ತಿರುವಿ, ಹೊಲಿಗೆಯ ಬೆನ್ನು ನೋಡಿದರು. ಬೆರಳಿನಿಂದ ರೆಕ್ಕೆ ಸವರಿದರು.

“ಯಾರ ಕೈ ಇದು?”

“ನಮ್ಮ ಅವ್ವಂದು.”

“ಹಿಂದ ಒಂದು ಗಂಟು ಇಲ್ಲ ನೋಡು” ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಸುಟ್ಟ ಜಾಗಕ್ಕೆ ಬೆರಳಿಟ್ಟು, “ಇದು ಇದ್ದಲಿ ಇಸ್ತ್ರಿ ಅಲ್ಲೇನು? ಯಾರು ಸುಟ್ಟಿದ್ದು?” ಎಂದರು.

“ತಂಗಿ. ಆಗ ಒಂಬತ್ತು ವರ್ಷದಾಕಿ.”

“ಇದ್ದಲಿ ತುಂಬಿದ ಇಸ್ತ್ರಿ ಒಂಬತ್ತು ವರ್ಷದ ಹುಡುಗಿ ಎತ್ತಿದ್ಲಾ? ನನಗಽ ಎರಡು ಕೈ ಬೇಕು.”

ಆ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ದೀದಿ ಹೊದಿಕೆ ತೆಗೆಯುತ್ತಿದ್ದರು, ನನ್ನ ಜೀವವೆಲ್ಲ ಅತ್ತ ಇತ್ತು. ಪೆನ್‌ಡ್ರೈವ್ ಚುಚ್ಚುವ ಮೊದಲು ಅದನ್ನು ಸೀರೆಗೆ ಮೂರು ಸಲ ಒರೆಸಿದರು, ಒರೆಸಿದರೆ ವೈರಸ್ ಹೋಗುತ್ತದೇನೋ ಎಂಬಂತೆ. ಅದೇ ಹಳೆಯ ಬೂದು ಪರದೆ, ಅದೇ ಹಳೆಯ ಮರಳು ಗಡಿಯಾರ. ಮೊದಲು ಕೊಕ್ಕು ಬಂತು, ಆಮೇಲೆ ಕುತ್ತಿಗೆ, ಆಮೇಲೆ ರೆಕ್ಕೆ. ನಾನು ದೀದಿಯನ್ನು ತಬ್ಬಿಕೊಂಡೆ. ಅಷ್ಟು ಖುಷಿ ನನ್ನ ಮದುವೆಯಲ್ಲೂ ಆಗಿರಲಿಲ್ಲ, ಗಂಡನ ಮುಂದೆಯೇ ಈ ಮಾತು ಹೇಳಿದ್ದೇನೆ.

ಬಾಲ ಉಳಿದಿತ್ತು. ಅಲ್ಲಿಂದಲೇ ಅವ್ವನಿಗೆ ಫೋನ್ ಮಾಡಿದೆ. “ಬೇ, ಗಿಳಿ ಸಿಕ್ತು. ಮೂರರಾಗ ಯಾವ ಬಾಲ ಹಾಕಲಿ, ಲಗೂನ ಹೇಳು.”

“ಬಾಲ ಹಾಕಬ್ಯಾಡ. ಹಂಗಽ ತಗೊಂಡು ಬಾ.”

“ಬಾಲ ಇಲ್ಲದ ಗಿಳಿ ತೊಟ್ಟಕೊಂಡು ಆಕಿ ಮಂದ್ಯಾಗ ಹೆಂಗ ಕೂಡಬೇಕು?”

“ಹೇಳಿದಷ್ಟು ಕೇಳು” ಎಂದು ಫೋನ್ ಇಟ್ಟಳು. ನನ್ನ ಮೂಗಿನ ತುದಿಯ ಕೋಪ ಯಾರಿಂದ ಬಂದ ಬಳುವಳಿ ಎಂದು ಯಾರೂ ಕೇಳಬಾರದು. ದೀದಿ ಮಂಡಕ್ಕಿಗೆ ಸಾಸಿವೆ ಎಣ್ಣೆ ಕಲಸಿ ಕೊಟ್ಟು ಸಮಾಧಾನ ಮಾಡಿದರು. ಮೂರೂ ಬಾಲ ಅಳಿಸಿ, ಗಿಳಿಯನ್ನು ಮಷಿನ್ನಿಗೆ ಓದಲು ಬರುವಂತೆ ಮಾಡಿ ಕೊಟ್ಟರು. ಏನು ಕೊಡಲಿ ಎಂದರೆ, “ನಿಮ್ಮ ಅವ್ವನ್ನ ಒಮ್ಮೆ ಕರಕೊಂಡು ಬಾ” ಎಂದರು. ಈಗ ವಾರಕ್ಕೊಮ್ಮೆ ನಾನೇ ಅಲ್ಲಿಗೆ ಹೋಗುತ್ತೇನೆ, ನನ್ನ ಹಳೆಯ ಡಿಸೈನು ತಿದ್ದಬೇಕೆಂದರೆ ಅಲ್ಲೇ ತೆರೆಯಬೇಕು. ನಮ್ಮ ಅತ್ತೆಯ ಕಟ್ಟಳೆಯೂ ಬದಲಾಗಿದೆ: ಮಂಗಳಾರತಿ ಮುಗಿಯುವ ಮೊದಲೇ “ಆರಿಸಬೇ, ಆರಿಸು, ಆರಿಸು” ಎಂದು ಗಂಟೆಗಿಂತ ಜೋರಾಗಿ ಕೂಗುತ್ತಾರೆ.

ಮಷಿನ್ನು ಮರುದಿನ ಒಂದು ದಾರವೂ ಹರಿಯದೆ ಗಿಳಿ ಹೊಲಿದುಕೊಟ್ಟಿತು. ಕುಬುಸದ ಹಿಂದಿನ ದಿನ ಬಸ್ಸು ಹತ್ತಿ ಮಸ್ಕಿಗೆ ಹೋದೆ. ಅವ್ವ ಪಡಸಾಲೆಯ ಬಾಗಿಲಲ್ಲಿ, ಬಿಸಿಲು ಬೀಳುವ ಕಡೆ ಚಾಪೆ ಹಾಸಿಕೊಂಡು ಕಾಯುತ್ತಿದ್ದಳು. ಪಕ್ಕದಲ್ಲಿ ಹಳೆಯ ಬಿಸ್ಕತ್ತಿನ ಡಬ್ಬಿ, ಒಳಗೆ ನಾಲ್ಕು ಬಗೆಯ ಹಸಿರು ದಾರ. ಗಿಳಿಯನ್ನು ಬಿಸಿಲಿಗೆ ಹಿಡಿದು ನೋಡಿ, “ಹೌದು, ನನ್ನ ಗಿಳಿನಽ” ಎಂದಳು. ಆಮೇಲೆ, “ಸೂಜಿಗಿ ದಾರ ಪೋಣಿಸಿಕೊಡು” ಎಂದಳು.

“ಬ್ಯಾಡ ಬೇ, ನಿನ್ನ ಕೈ ನಡಗತಾವ.”

“ನಡಗಲಿ. ಗಿಳಿ ಬಾಲ ಅಲುಗಾಡಂಗಿಲ್ಲೇನು?”

ಪೋಣಿಸಿಕೊಟ್ಟೆ. ಒಂದು ಹೊಲಿಗೆ ಉದ್ದ ಬಿತ್ತು, ಒಂದು ಗಿಡ್ಡ. ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅವಳು ತಲೆ ಎತ್ತಲಿಲ್ಲ. ತಲೆ ಎತ್ತದೆಯೇ ಹೇಳಿದಳು.

“ನಿನ್ನ ಕುಬುಸ ಸುಟ್ಟಾಕಿ ನಾನು.”

ಕೈಯಲ್ಲಿದ್ದ ದಾರದ ಉಂಡೆ ಡಬ್ಬಿಗೆ ಹಾಕಿ ಅವಳ ಹತ್ತಿರ ಸರಿದೆ.

“ಒಲಿ ಮ್ಯಾಲ ಹೋಳಿಗಿ ಇತ್ತು. ಹೊರಗ ಗಾಡಿಯವ ಹಾರ್ನ್ ಹೊಡಿಯಾಕತ್ತಿದ್ದ. ಇಸ್ತ್ರಿ ಹಂಗಽ ಬಿಟ್ಟು ಹೋಳಿಗಿ ತಿರುವಿ ಹಾಕಾಕ ಹೋದ್ನಿ, ಬರೂದ್ರಾಗ ಹೊಗಿ. ತಾಯಿ ಕೈಲೆ ಮಗಳ ಕುಬುಸ ಸುಟ್ಟೈತಿ ಅಂದ್ರ ಮಂದಿ ಏನಂತಿದ್ರು? ಕೂಸಿಗಿ ಕೇಡು ಅಂತಿದ್ರು. ನಾ ಅಳಾಕತ್ತಿದ್ನಿ. ಆಕಿ ಬಂದು ನನ್ನ ಗಲ್ಲ ಒರಸಿ, ಯವ್ವಾ, ನಾನಽ ಸುಟ್ಟೀನಿ ಅಂತ ಹೇಳತೀನಿ, ಸಣ್ಣಾಕಿ ಅಂತ ಬಿಡತಾರ ಅಂದ್ಲು.”

ಬಿಡಲಿಲ್ಲವಲ್ಲ. ಹದಿಮೂರು ವರ್ಷ ನಾನು ಬಿಡಲಿಲ್ಲವಲ್ಲ. ದೀದಿ ಎರಡು ಕೈ ಬೇಕು ಎಂದದ್ದು ಆಗ ಕಿವಿಯಲ್ಲಿ ಗುಂಯ್ಯೆಂದಿತು.

“ಇಷ್ಟು ದಿನಾ ಯಾಕ ಹೇಳಲಿಲ್ಲಬೇ?”

“ಹೇಳಬೇಕು ಅಂತ ಬಾಯಿ ತಗಿಯೂದ್ರಾಗ ನೀ ಆಕಿನ್ನ ಕಾಡಸಾಕ ಸುರು ಮಾಡತಿದ್ದಿ, ಆಕಿ ನಗತಿದ್ಲು. ಇಬ್ರೂ ಚಂದ ಕಾಣತಿದ್ರಿ.” ಸೂಜಿ ಎಳೆದು ಅವ್ವ ಈಗ ನನ್ನ ಮುಖ ನೋಡಿದಳು. “ನೀ ಕಳಿಸಿದ ಬಾಲ ಮೂರೂ ಚಂದ ಇದ್ದು. ಹೂಂ ಅಂದಿದ್ರ ನನಗ ಮಾಡಾಕ ಏನೂ ಉಳೀತಿರಲಿಲ್ಲ. ಸುಟ್ಟದ್ದು ನಾನು, ಹಾಕೂದೂ ನಾನಽ.”

ನನಗೆ ಅಳು ಮೊದಲು ಬಂತೋ ನಗು ಮೊದಲು ಬಂತೋ ಗೊತ್ತಿಲ್ಲ. ಮೂರು ಬಾಲಕ್ಕೆ ಬೈಸಿಕೊಂಡ ಸಿಟ್ಟಿಗೆ ಅವ್ವನ ಭುಜಕ್ಕೆ ಒಂದು ಗುದ್ದಿದೆ, ಆಮೇಲೆ ಅದೇ ಭುಜಕ್ಕೆ ತಲೆ ಇಟ್ಟೆ. ಅವಳು “ಸರಿ, ಬಿಸಿಲು ಹೋಗತೈತಿ” ಎಂದು ನನ್ನ ತಲೆ ಆಚೆ ತಳ್ಳಿದಳು.

ಮರುದಿನ ಬುತ್ತಿ ಹೊತ್ತುಕೊಂಡು ಲಿಂಗಸುಗೂರಿಗೆ ಹೋದೆವು. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಮೊಸರನ್ನ. ತಂಗಿ ಹಸಿರುಟ್ಟು, ಮೊಣಕೈವರೆಗೆ ಹಸಿರು ಬಳೆ ತೊಟ್ಟು, ತಲೆ ತುಂಬ ಸೆರಗು ಹೊದ್ದು ಮಣೆಯ ಮೇಲೆ ಕೂತಳು. ಅಷ್ಟು ಒದ್ದಾಡಿ ತಂದ ಗಿಳಿ ಸೆರಗಿನ ಕೆಳಗೆ ಮುಚ್ಚಿಹೋಯಿತು. ಉಡಿ ತುಂಬಲು ಬಂದ ಹೆಂಗಸರು ಮಾತ್ರ ಒಬ್ಬೊಬ್ಬರೇ ಹಿಂದೆ ಬಂದು, ಸೆರಗು ಎತ್ತಿ, “ಅಯ್ಯ, ಎಷ್ಟು ಚಂದೈತ್ರೆವಾ” ಎಂದು ನೋಡಿ ಹೋಗುತ್ತಿದ್ದರು. ಎಲ್ಲರ ಕಣ್ಣೂ ಬಾಲದ ಮೇಲೆಯೇ. ಸೊಟ್ಟಸೊಟ್ಟ ಹೊಲಿಗೆ, ಹಾರಲು ಹೊರಟ ಗಿಳಿಯ ಬಾಲ ಹಾಗೇ ಇರುತ್ತದೆ.

ನನ್ನ ಸರದಿ ಬಂತು. ಅಕ್ಕಿ, ಉತ್ತತ್ತಿ, ಕೊಬ್ಬರಿ ಬಟ್ಟಲು ಅವಳ ಉಡಿಗೆ ಹಾಕುವಾಗ ಬಗ್ಗಿ ಕಿವಿಯಲ್ಲಿ, “ಅವ್ವ ಎಲ್ಲಾ ಹೇಳಿದ್ಲು. ನಂದು ತಪ್ಪಾತು” ಎಂದೆ. ಇಡೀ ದಾರಿ ಯೋಚಿಸಿಕೊಂಡು ಬಂದ ಮಾತುಗಳಲ್ಲಿ ಹೊರಬಿದ್ದದ್ದು ಅಷ್ಟೇ.

ಅವಳು ಗಾಬರಿಯಿಂದ ನನ್ನ ಕೈ ಹಿಡಿದಳು. “ಅಯ್ಯ ಯಕ್ಕಾ, ಹಂಗಾರ ಇನ್ನ ಮ್ಯಾಲ ನೀ ನನ್ನ ಕಾಡಸಂಗಿಲ್ಲೇನು?”

ಅವಳ ಮುಖ ನೋಡಿದೆ. ತಮಾಷೆಗೆ ಕೇಳುತ್ತಿರಲಿಲ್ಲ. ಒಂಬತ್ತು ವರ್ಷದವಳಿದ್ದಾಗಿನಿಂದ ತನಗೆಂದೇ ನಾನು ಇಟ್ಟುಕೊಂಡಿದ್ದ ಮಾತು ಅದೊಂದೇ, ಅದು ಕೈತಪ್ಪಿ ಹೋಗುತ್ತದೇನೋ ಎಂಬ ನಿಜವಾದ ಹೆದರಿಕೆ ಆ ಕಣ್ಣಲ್ಲಿತ್ತು. ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಅಂಗಳದಲ್ಲಿ ಊಟಕ್ಕೆ ಕೂತವರಿಗೂ ಕೇಳಿಸುವಂತೆ ಹೇಳಿದೆ:

“ಎಲ್ಲಾರೂ ಕೇಳ್ರಿ! ಏನ್ ಬೇಕಾದ ಕೆಲಸ ಹೇಳ್ರಿ, ಈಕಿ ಕೈಯಾಗ ಇಸ್ತ್ರಿ ಮಾತ್ರ ಕೊಡಬ್ಯಾಡ್ರಿ!”

ಮನೆಯೆಲ್ಲ ನಕ್ಕಿತು. ಬುತ್ತಿ ಬಿಚ್ಚುತ್ತಿದ್ದ ಅವ್ವ ಎಲ್ಲರಿಗಿಂತ ಜೋರಾಗಿ ನಕ್ಕು ಕಣ್ಣೊರೆಸಿಕೊಂಡಳು. ತಂಗಿ ಬಾಯಿಗೆ ಸೆರಗು ಹಿಡಿದಳು. ಸೆರಗು ಮುಂದೆ ಸರಿದು ಬೆನ್ನು ಕಂಡಿತು. ಅವಳು ಮೈಯೆಲ್ಲ ಕುಲು ಕುಲು ನಗುತ್ತಿದ್ದಳು, ಗಿಳಿಯ ಬಾಲ ಅಲುಗಾಡುತ್ತಿತ್ತು.